ಒಂದು ಕಾಗದಕ್ಕೆ ಎಷ್ಟು ಬೆಲೆ

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ಭಾನುವಾರ ಕೆ.ಆರ್. ಪುರದ ನಮ್ಮ ಸಂಜೆ ಪಾಠದ ರೂಮಿಗೆ ಹಳೇ ವಿದ್ಯಾರ್ಥಿನಿ ಒಬ್ಬಳು ಬಂದಿದ್ದಳು. ಅವರಮ್ಮ ಪೌರಕಾರ್ಮಿಕರು, ಹಲಸೂರು ಕಡೆ ಬೀದಿ ಗುಡಿಸ್ತಾರೆ. ಮಗಳು ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಅರ್ಜಿ ಹಾಕ್ತಿದ್ದಾಳೆ. "ಅಣ್ಣ, ಮಾರ್ಕ್ಸ್ ಕಾರ್ಡ್ ಇದೆ, ಜಾತಿ ಸರ್ಟಿಫಿಕೇಟ್ ಇದೆ. ಇಬ್ಬರ ಹತ್ರ ಶಿಫಾರಸು ಪತ್ರ ಬೇಕಂತೆ. ಯಾರನ್ನ ಕೇಳಲಿ?" ಅಂದಳು.

ಕಾಲೇಜಿನ ಮೇಷ್ಟ್ರೊಬ್ಬರು ಒಂದು ಪತ್ರ ಬರೆದುಕೊಟ್ಟಿದ್ದರು. ಎರಡೇ ಸಾಲು. ಹಾಜರಾತಿ ಸರಿಯಾಗಿದೆ, ನಡತೆ ಚೆನ್ನಾಗಿದೆ. ಮನೆಗೆಲಸಕ್ಕೆ ಆಳು ಕಳಿಸುವಾಗ ಹೇಳೋ ಮಾತಿನ ಥರ. ಅವಳ ಜೊತೆ ಓದಿದ ಹುಡುಗನೊಬ್ಬನಿಗೆ ಅದೇ ಮೇಷ್ಟ್ರು ಎರಡು ಪುಟ ಬರೆದಿದ್ದಾರೆ. ಹುಡುಗ ಯಾರ ಪೈಕಿ ಅಂತ ನಿಮಗೆ ಬಿಡಿಸಿ ಹೇಳಬೇಕಾ?

ಆ ರಾತ್ರಿ ನಂಗೆ ಒಬೈದ್ ಸಿದ್ದಿಕಿ ನೆನಪಾದರು. ಬಯಾಲಜಿ ಓದ್ತಾ ಡಿಗ್ರಿ ಅರ್ಧಕ್ಕೆ ಬಿಟ್ಟವನು ನಾನು. ಅವತ್ತಿಂದ ಇವತ್ತಿನವರೆಗೂ ಬೆರಗಿನಿಂದ ಓದಿಕೊಂಡು ಬಂದ ವಿಜ್ಞಾನಿ ಅವರು. ಅಲಿಗಢದಲ್ಲಿ ಓದಿ, ಗ್ಲಾಸ್ಗೋದಲ್ಲಿ ಪಾಂಟೆಕೊರ್ವೊ ಹತ್ರ ಪಿಎಚ್.ಡಿ. ಮಾಡಿದರು. ಅಮೆರಿಕದಲ್ಲಿ ಅಲನ್ ಗ್ಯಾರೆನ್ ಜೊತೆ ಬ್ಯಾಕ್ಟೀರಿಯಾದ ಮೇಲೆ ಕೆಲಸ. ಪ್ರೋಟೀನ್ ಕಟ್ಟೋದನ್ನ ಇಲ್ಲಿಗೆ ನಿಲ್ಲಿಸು ಅನ್ನೋ ಗುರುತು ವಂಶವಾಹಿಯಲ್ಲೇ ಇರುತ್ತೆ ಅನ್ನೋದು ಗೊತ್ತಾಗೋಕೆ ಆ ಕೆಲಸ ದಾರಿ ಮಾಡಿತು. 1962ರಲ್ಲಿ ಹೋಮಿ ಭಾಭಾ ಕರೆದು, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರ ವಿಭಾಗ ಕಟ್ಟೋಕೆ ಕೊಟ್ಟರು. ಕರೆದಿದ್ದು ಹೇಗೆ? ಲಿಯೋ ಜಿಲಾರ್ಡ್ ಅನ್ನೋ ದೊಡ್ಡ ಭೌತವಿಜ್ಞಾನಿ ಮಾಡಿದ ಶಿಫಾರಸಿನಿಂದ. ಪ್ರತಿಭೆ ಇತ್ತು, ಇಲ್ಲ ಅನ್ನಲ್ಲ. ಆದರೆ ಆ ಪ್ರತಿಭೆ ಕಂಡವರೊಬ್ಬರು ಬಾಯಿಬಿಟ್ಟು ಹೇಳಿದರು ನೋಡಿ, ನಾನು ಹೇಳ್ತಿರೋದು ಅದನ್ನ.

ಬಾಬಾಸಾಹೇಬರ ಕಥೆಯಲ್ಲೂ ಕೆಳೂಸ್ಕರ್ ಮಾಸ್ತರರು ಇದ್ದರಲ್ಲ. ಅವರು ಮುಂದೆ ನಿಂತು ಬರೋಡಾದ ಮಹಾರಾಜರಿಗೆ ಹೇಳಿದ್ದಕ್ಕೆ ವಿದ್ಯಾರ್ಥಿವೇತನದ ಬಾಗಿಲು ತೆರೀತು.

ಸಿದ್ದಿಕಿ ಆಮೇಲೆ ನೊಣದ ಕಡೆ ಹೊರಳಿದರು. ಶಿವಾಜಿನಗರದ ರಸೆಲ್ ಮಾರ್ಕೆಟ್‌ನಲ್ಲಿ ಕೊಳೆತ ಬಾಳೆಹಣ್ಣಿನ ಮೇಲೆ ಮುತ್ತಿಕೊಂಡಿರುತ್ತಲ್ಲ, ಆ ಪುಟಾಣಿ ಹಣ್ಣಿನ ನೊಣ. ಸೀಮೋರ್ ಬೆಂಜರ್ ಜೊತೆ ಸೇರಿ, ಬಿಸಿ ಏರಿದ ಕೂಡಲೇ ಲಕ್ವ ಹೊಡೆದಂಗೆ ಬಿದ್ದುಬಿಡೋ ನೊಣಗಳನ್ನ ಹುಡುಕಿದರು. 1976ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದಕ್ಕೆ 'ಕೋಮಟೋಸ್' ಅಂತ ಹೆಸರು, ಬಿಸಿ ಇಳಿದರೂ ಬೇಗ ಎದ್ದೇಳಲ್ಲ ಅದು. ಅಲ್ಲಿ ಕೆಟ್ಟಿರೋ ವಂಶವಾಹಿ ಯಾವುದು ಅಂತ ತಿಳಿದಿದ್ದು 1995ರಲ್ಲಿ. ನರದ ತುದಿಯಲ್ಲಿ ರಾಸಾಯನಿಕ ತುಂಬಿದ ಸಣ್ಣ ಚೀಲಗಳಿರುತ್ತವೆ, ಅವು ಮತ್ತೆ ಮತ್ತೆ ಕೆಲಸ ಮಾಡೋಕೆ ಬೇಕಾದ ಪ್ರೋಟೀನಿನದು. ಆ ಚೀಲಗಳ ಸಾಗಾಟದ ಮೇಲಿನ ಕೆಲಸಕ್ಕೆ 2013ರ ಅಕ್ಟೋಬರ್‌ನಲ್ಲಿ ಮೂವರಿಗೆ ನೊಬೆಲ್ ಬಂತು. ಸಿದ್ದಿಕಿ ಅದೇ ಜುಲೈ 26ಕ್ಕೆ ತೀರಿಕೊಂಡಿದ್ದರು, ಇದೇ ಬೆಂಗಳೂರಲ್ಲಿ. ನಡೆದು ಹೋಗುವಾಗ ಮೊಪೆಡ್ ಗುದ್ದಿತ್ತು.

ನಂಗೆ ಇದೆಲ್ಲಕ್ಕಿಂತ ಇಷ್ಟವಾಗೋದು ವೆರೋನಿಕಾ ರೋಡ್ರಿಗ್ಸ್ ವಿಷಯ. ಕೀನ್ಯಾದಲ್ಲಿ ಹುಟ್ಟಿದ ಗೋವಾ ಮೂಲದ ಹುಡುಗಿ. ಡಬ್ಲಿನ್‌ನಲ್ಲಿ ಓದಿದವಳು ಸಿದ್ದಿಕಿಯವರ ಕೆಲಸದ ಬಗ್ಗೆ ಓದಿ ತಾನೇ ಅವರಿಗೆ ಕಾಗದ ಬರೆದಳು. ಅವರು ಕರೆಸಿಕೊಂಡರು. ವಾಸನೆ ಹಿಡಿಯಲಾರದ ನೊಣಗಳನ್ನ ಹುಡುಕಿ, ಮೂಗಿನ ಕೆಲಸಕ್ಕೂ ವಂಶವಾಹಿಗೂ ಇರೋ ನಂಟನ್ನ ಇಬ್ಬರೂ ಸೇರಿ 1978ರಲ್ಲಿ ತೋರಿಸಿದರು. ಆಕೆ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ದೊಡ್ಡ ಪ್ರೊಫೆಸರ್ ಆಗಿ 2010ರಲ್ಲಿ ತೀರಿಕೊಂಡರು. ಜಿಕೆವಿಕೆ ಆವರಣದ ಆ ಎನ್‌ಸಿಬಿಎಸ್ ಕಟ್ಟಿ ಮೊದಲ ನಿರ್ದೇಶಕರಾಗಿದ್ದವರೂ ಸಿದ್ದಿಕಿನೇ.

ಈಗ ಇನ್ನೊಂದು ಕಾಗದದ ವಿಷಯ. 2019ರಲ್ಲಿ ಕೇಂದ್ರದ ವಿದ್ಯಾಸಂಸ್ಥೆಗಳ ಅಧ್ಯಾಪಕರ ಹುದ್ದೆಗೆ ಮೀಸಲಾತಿ ಕಾಯ್ದೆ ಬಂತಲ್ಲ, ಅದರ ಕೊನೆಯಲ್ಲಿ ವಿನಾಯಿತಿ ಪಟ್ಟಿ ಇದೆ. 'ಉತ್ಕೃಷ್ಟ' ಸಂಸ್ಥೆಗಳಿಗೆ ಮೀಸಲಾತಿ ಅನ್ವಯಿಸಲ್ಲವಂತೆ. ಎನ್‌ಸಿಬಿಎಸ್ ಯಾವುದರ ಭಾಗವೋ ಆ ಟಾಟಾ ಸಂಸ್ಥೆ ಪಟ್ಟಿಯಲ್ಲಿದೆ, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರವೂ ಇದೆ. ಸಿದ್ದಿಕಿ ಮಾಡಿದ್ದಲ್ಲ ಇದು, ಅವರು ಹೋಗಿ ಆರು ವರ್ಷ ಆಗಿತ್ತು. ಆದರೂ ಕೇಳ್ತೀನಿ: ಉತ್ಕೃಷ್ಟ ಅಂದ್ರೆ ನಾವು ಇಲ್ಲದಿರೋ ಜಾಗ ಅಂತಾನಾ? ಕಾನೂನಿನ ಬಾಗಿಲೂ ಇಲ್ಲ ಅಂದಮೇಲೆ ನಮ್ಮ ಮಕ್ಕಳಿಗೆ ಉಳಿಯೋದು ಪರಿಚಯದ ಬಾಗಿಲು. ಪೌರಕಾರ್ಮಿಕರ ಮಗಳಿಗೆ ಯಾವ ಜಿಲಾರ್ಡ್ ಪರಿಚಯ ಸ್ವಾಮಿ?

ಭಾನುವಾರ ಅವಳಿಗೆ ಹೇಳಿದೆ, "ನೀನೇ ಕಾಗದ ಬರಿಯಮ್ಮ, ವೆರೋನಿಕಾ ಬರೆದಂಗೆ." ಬರೀತಿದ್ದಾಳೆ. ವೆಂಗಯ್ಯನ ಕೆರೆ ನೀರಿನ ಬ್ಯಾಕ್ಟೀರಿಯಾ ಬೆಳೆಸಿ, ಯಾವ ಔಷಧಿಗೆ ಸಾಯ್ತವೆ ಯಾವುದಕ್ಕೆ ಇಲ್ಲ ಅಂತ ಆರು ತಿಂಗಳು ನೋಡಿದ್ದಾಳೆ. ನೋಟ್‌ಬುಕ್ ನಾನೂ ತಿರುವಿದೆ. ತಪ್ಪಾದ ಪ್ರಯೋಗವನ್ನೂ ದಿನಾಂಕ ಹಾಕಿ ಬರೆದಿಟ್ಟಿದ್ದಾಳೆ.

ಇದನ್ನ ಓದ್ತಿರೋರಲ್ಲಿ ಲ್ಯಾಬ್‌ಗಳಲ್ಲಿ ಇರೋರು ಕೆಲವರಿದ್ದೀರಿ, ಗೊತ್ತು ನಂಗೆ. ಸುಳ್ಳು ಶಿಫಾರಸು ಬೇಡ. ಅರ್ಧ ಗಂಟೆ ಅವಳ ಜೊತೆ ಕೂತು ಆ ನೋಟ್‌ಬುಕ್ ನೋಡಿ, ಪ್ರಶ್ನೆ ಕೇಳಿ. ಆಮೇಲೆ ನಿಮಗೆ ಅನ್ನಿಸಿದ್ದನ್ನ ಬರೀರಿ. ಅರ್ಜಿಗೆ ಇನ್ನು ಹನ್ನೊಂದು ದಿನ ಇದೆ. ಇನ್‌ಬಾಕ್ಸ್‌ಗೆ ಬನ್ನಿ.