ಕೆರೆ ತುಂಬಿದ ಮೂರನೆಯ ವರ್ಷ

ಗಾಳ ಹಾಕುವವರಲ್ಲಿ ಎರಡು ಬಗೆ. ಹೊತ್ತು ಮುಳುಗುವುದರೊಳಗೆ ಚೀಲ ತುಂಬಿದರೆ ಸಾಕೆನ್ನುವವರು ಒಂದು ಬಗೆ. ಒಂದೇ ಸಿಗಲಿ, ಆದರೆ ಎರಡು ಕೈಯಲ್ಲಿ ಎತ್ತುವಂಥದ್ದು ಸಿಗಲಿ ಎಂದು ದಡದಲ್ಲಿ ಕೂರುವವರು ಇನ್ನೊಂದು ಬಗೆ. ನಾನು ಎರಡನೆಯ ಗುಂಪಿನವನು. ಪಕ್ಕೆ, ಗಿರ್ಲು, ಜಿಲೇಬಿ ಮೀನುಗಳನ್ನು ನಾನು ಕಡೆಗಣಿಸುವುದಿಲ್ಲ. ಹುಡುಗನಾಗಿದ್ದಾಗ ಗಾಳದ ಪಾಠ ಕಲಿಸಿದ್ದು ಅವೇ. ಮನಸ್ಸು ನಿಂತಿರುವುದು ಮಾತ್ರ ಕಾಟ್ಲಾ ಮೇಲೆ. ಮೈಗೆ ಮೀರಿದ ತಲೆ, ಮೇಲಕ್ಕೆ ತಿರುಗಿದ ಬಾಯಿ, ಬೆನ್ನಿನ ಮೇಲೆ ಬೂದು ಬಣ್ಣ, ಹೊಟ್ಟೆಯ ಕಡೆ ಬೆಳ್ಳಿ. ಒಳ್ಳೆಯ ನೀರು, ಸಾಕಷ್ಟು ಕಾಲ ಎರಡೂ ಸಿಕ್ಕರೆ ಈ ಮೀನು 38 ಕಿಲೋವರೆಗೂ ಬೆಳೆದದ್ದುಂಟು. ನಮ್ಮ ಕಡೆ ಏಳೆಂಟು ಕಿಲೋ ತೂಗಿದರೆ ಊರೆಲ್ಲ ಬಂದು ನೋಡುತ್ತದೆ.

ಊರೆಲ್ಲ ಬಂದು ನೋಡುವುದಕ್ಕೆ ಕಾರಣವಿದೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆಯನ್ನು ದಾಟಿ ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಮಳೆ ಬಂದರೆ ಹೊಳೆ, ಬಾರದಿದ್ದರೆ ಬರೀ ಮರಳು. ಹಾಗಾಗಿ ನಮ್ಮದೆಲ್ಲ ಕೆರೆಯ ಮೀನು. ಚನ್ನರಾಯನದುರ್ಗದ ಕೋಟೆಯ ಮೇಲೆ ನಿಂತು ನೋಡಿದರೆ ಒಳ್ಳೆಯ ವರ್ಷ ನೀರು ಕಾಣುತ್ತದೆ, ಕೆಟ್ಟ ವರ್ಷ ಕೆರೆಯಂಗಳದಲ್ಲಿ ಜಾಲಿ ಮುಳ್ಳು ಕಾಣುತ್ತದೆ. ಯುಗಾದಿ ಹೊತ್ತಿಗೆ ಬತ್ತುವ ಕೆರೆಯಲ್ಲಿ ಮೀನಿಗೆ ಸಿಗುವ ಆಯುಸ್ಸು ಆರೇಳು ತಿಂಗಳು. ಅಷ್ಟರಲ್ಲಿ ಕಾಟ್ಲಾ ಅಂಗೈಯಗಲ ಆಗುತ್ತದೆ, ಹೆಚ್ಚೆಂದರೆ ಅರ್ಧ ಮುಕ್ಕಾಲು ಕಿಲೋ. ಆಮೇಲೆ ಬಲೆ, ಸಂತೆ.

ಕಾಟ್ಲಾ ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಅದಕ್ಕೆ ಮುಂಗಾರಿನ ಕೆಂಪು ನೀರು ಉಕ್ಕಿ ಹರಿಯುವ ಹೊಳೆ ಬೇಕು. ಆದ್ದರಿಂದ ನಮ್ಮ ಕೆರೆಗಳ ಪ್ರತಿಯೊಂದು ಕಾಟ್ಲಾವೂ ಯಾರೋ ತಂದು ಬಿಟ್ಟ ಮರಿಯೇ. ಹಿಂದೆ ಇಂಥ ಮರಿಗಳನ್ನು ದೊಡ್ಡ ಹೊಳೆಗಳಲ್ಲಿ ಹಿಡಿದೇ ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುನ್ಹಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಮೀನಿಗೆ ಚುಚ್ಚಿ, ಕೊಳದ ನೀರಿನಲ್ಲೇ ಅದು ಮರಿ ಮಾಡುವಂತೆ ಮಾಡಿದರು. ಆ ದಿನವನ್ನು ದೇಶ ಈಗ ಮೀನು ಕೃಷಿಕರ ದಿನವಾಗಿ ಆಚರಿಸುತ್ತದೆ. ಕಡಲಿಂದ ಇಷ್ಟು ದೂರದ ಬಯಲುಸೀಮೆಯ ಕೆರೆಗೆ ಲಾರಿಯಲ್ಲಿ ಮರಿ ಬಂದು ಇಳಿಯುವುದಕ್ಕೆ ಆ ಒಂದು ಪ್ರಯೋಗ ದಾರಿ ಮಾಡಿತು. ಮರಿ ತರಬಹುದು, ಮೇವು ಹಾಕಬಹುದು. ತರಲಾಗದ್ದು ವರ್ಷಗಳನ್ನು ಮಾತ್ರ.

ಇದನ್ನು ನನಗೆ ಬಿಡಿಸಿ ಹೇಳಿದವರು ತೀತಾ ಜಲಾಶಯದ ದಡದಲ್ಲಿ ಬಲೆ ಹೊಲಿಯುತ್ತ ಕೂತಿದ್ದ ಒಬ್ಬ ಹಿರಿಯರು. "ತಾತ, ದೊಡ್ಡ ಕಾಟ್ಲಾ ಐತಾ ಇದ್ರಾಗೆ?" ಎಂದು ಕೇಳಿದೆ. ಸೂಜಿ ನಿಲ್ಲಿಸದೆ ಅವರು ಹೇಳಿದರು: "ಮೀನು ದೊಡ್ಡದಾಗಾಕೆ ಮೇವು ಬ್ಯಾಡ ಕಣಪ್ಪ, ವರ್ಷ ಬೇಕು. ನೀರು ಮೂರು ವರ್ಷ ನಿಂತ್ಕಳ್ಳಿ, ಆಮ್ಯಾಕೆ ಬಾ." ದೊಡ್ಡ ಮೀನಿನ ಬಗ್ಗೆ ನಾನು ಓದಿದ್ದರಲ್ಲಿ, ಕೇಳಿದ್ದರಲ್ಲಿ ಇಷ್ಟು ಸರಿಯಾದ ಮಾತು ಇನ್ನೊಂದಿಲ್ಲ.

ಆ ಮೂರು ವರ್ಷ ಬಂದವು. 2021ರ ಕೊನೆಯ ಮಳೆ, ಅದರ ಬೆನ್ನಿಗೇ 2022ರ ಮಳೆಗಾಲ. ಜಿಲ್ಲೆಯ ಕೆರೆಗಳು ಸಾಲುಸಾಲಾಗಿ ಕೋಡಿ ಬಿದ್ದವು. ಎಷ್ಟೋ ವರ್ಷ ನೀರು ಕಾಣದ ಕೆರೆಗಳಿಗೆ ಹೆಂಗಸರು ಬಾಗಿನ ಬಿಟ್ಟರು. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗಲೂ ಆಳದ ಕೆರೆಗಳು ಹಿಂದಿನ ನೀರನ್ನು ಹಿಡಿದುಕೊಂಡಿದ್ದವು. ಆ ನೀರಿನಲ್ಲಿ ಬಲೆಗೆ ಸಿಗದೆ ಉಳಿದ ಮೀನು ಬೆಳೆಯುತ್ತಲೇ ಇತ್ತು.

ದೊಡ್ಡ ಕಾಟ್ಲಾಕ್ಕೆ ಎರೆಹುಳು ನಡೆಯದು. ಅದು ನೀರಿನ ಮೇಲುಭಾಗದಲ್ಲಿ ತೇಲುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಹೀರಿ ಬದುಕುವ ಮೀನು. ಕಚ್ಚುವುದಿಲ್ಲ, ಹೀರುತ್ತದೆ. ಆದ್ದರಿಂದ ಮೇವು ನೀರಿನಲ್ಲಿ ಮೆಲ್ಲಗೆ ಕರಗಿ ಮೋಡ ಕಟ್ಟಬೇಕು. ನಮ್ಮದು ಕಡಲೆಕಾಯಿ ಬೆಳೆಯುವ ನಾಡು. ಗಾಣದ ಹಿಂಡಿಗೆ ಕೊರತೆಯಿಲ್ಲ. ಹಿಂಡಿಯನ್ನು ಕುಟ್ಟಿ ಜರಡಿ ಹಿಡಿದು, ಹುರಿದ ಅಕ್ಕಿ ತೌಡು ಬೆರೆಸಿ, ಅಂಟಿಗೆ ಒಂದಿಷ್ಟು ಮೈದಾ ಸೇರಿಸಿ, ಕೆರೆಯ ನೀರಲ್ಲೇ ಕಲಸುತ್ತೇನೆ. ನಿಂಬೆಹಣ್ಣಿನ ಗಾತ್ರದ ಉಂಡೆ. ಅದರ ಸುತ್ತ ಗಿಡ್ಡ ದಾರದಲ್ಲಿ ಎರಡು ಮೂರು ಸಣ್ಣ ಗಾಳ. ಉಂಡೆ ಕರಗುತ್ತದೆ, ಕಾಟ್ಲಾ ಆ ಪುಡಿಯನ್ನು ಹೀರುತ್ತದೆ, ಜೊತೆಗೆ ಗಾಳವೂ ಬಾಯಿಗೆ ಹೋಗುತ್ತದೆ. ಉಂಡೆ ಗಟ್ಟಿಯಾದರೆ ಮೀನು ಬರದು, ಸಡಿಲವಾದರೆ ನೀರಿಗೆ ಬೀಳುವಾಗಲೇ ಒಡೆಯುತ್ತದೆ. ಈ ಹದ ಹೇಳಿಕೊಟ್ಟರೆ ಬಾರದು, ಬೆರಳಿಗೇ ಗೊತ್ತಾಗಬೇಕು.

ಇದೇನೂ ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗವಿದೆ. ಮೀನಿನ ಬಗೆಗಳು, ಯಾವ ಮೀನಿಗೆ ಯಾವ ಮೇವು, ಗಾಳ ಹಾಕಿ ಹಿಡಿಯುವ ಕ್ರಮ ಎಲ್ಲವನ್ನೂ ಆ ದೊರೆ ವಿವರಿಸಿದ್ದಾನೆ. ಹಿಂಡಿ ಕಲಸುವಾಗ ಈ ನೆಲದ ಅಷ್ಟು ಹಳೆಯ ಆಟದಲ್ಲಿ ನಾನೂ ಒಬ್ಬ ಎಂಬ ಹೆಮ್ಮೆ ನನಗಿದೆ.

ಮೇವಿಗಿಂತ ದೊಡ್ಡದು ಜಾಗದ ಆಯ್ಕೆ. ಒಂದೇ ದಿಕ್ಕಿಂದ ಎರಡು ದಿನ ಗಾಳಿ ಬೀಸಿದರೆ, ಅಲೆ ಹೋಗಿ ಬಡಿಯುವ ದಡದಲ್ಲಿ ಮೇಲುನೀರಿನ ಸೂಕ್ಷ್ಮಜೀವಿಗಳೆಲ್ಲ ಒಟ್ಟಾಗುತ್ತವೆ. ಕಾಟ್ಲಾ ಅವುಗಳ ಹಿಂದೆ ಬರುತ್ತದೆ. ಮುಖಕ್ಕೆ ಗಾಳಿ ಹೊಡೆಯುವ ಆ ದಡದಲ್ಲಿ ಕೂರುವುದು ಕಷ್ಟ, ದಾರ ಎಸೆಯುವುದು ಇನ್ನೂ ಕಷ್ಟ. ಆದರೂ ಕೂರಬೇಕಾದ್ದು ಅಲ್ಲೇ. ನೀರೊಳಗೆ ಮುಳುಗಿದ ಜಾಲಿ ಮರಗಳ ಅಂಚು ಎರಡನೆಯ ಜಾಗ. ಕೆರೆ ಒಣಗಿದ್ದಾಗ ಬೆಳೆದ ಮುಳ್ಳು ಕೆರೆ ತುಂಬಿದ ಮೇಲೆ ಮೀನಿಗೆ ಆಸರೆ. ಅದರೊಳಗೆ ಬಲೆ ಎಳೆಯಲಾಗದು. ದೊಡ್ಡ ಮೀನು ದೊಡ್ಡದಾಗುವುದೇ ಅಂಥ ಕಡೆ.

ಅಮೆರಿಕದಲ್ಲಿ ಕ್ರ್ಯಾಪಿ ಎಂಬ ಮೀನಿನ ಹಿಂದೆ ಬಿದ್ದವರೂ ಹೀಗೆಯೇ ಮುಳುಗಿದ ಮರ ಹುಡುಕುತ್ತಾರೆ. ಅರ್ಧ ಕಿಲೋ ತೂಗಿದರೆ ಅಲ್ಲಿ ಒಳ್ಳೆಯ ಮೀನು, ಕಿಲೋ ದಾಟಿದರೆ ಹಬ್ಬ. ಬಿಳಿ ಕ್ರ್ಯಾಪಿಯ ವಿಶ್ವದಾಖಲೆ ಸುಮಾರು 2.35 ಕಿಲೋ, ಮಿಸಿಸಿಪಿ ರಾಜ್ಯದ ಎನಿಡ್ ಅಣೆಕಟ್ಟೆಯಲ್ಲಿ ಅದು ಸಿಕ್ಕಿದ್ದು 1957ರ ಜುಲೈ 31ರಂದು, ಒಡಿಶಾದ ಪ್ರಯೋಗ ನಡೆದ ಅದೇ ತಿಂಗಳು. ಅದರ ತುಟಿಯೂ ಕಾಟ್ಲಾದ ತುಟಿಯಂತೆ ಬಲು ಮೆತ್ತಗೆ. ಜಗ್ಗಿ ಎಳೆದರೆ ಹರಿದುಹೋಗುತ್ತದೆ. ಎರಡು ದೇಶಗಳ ದೊಡ್ಡ ಮೀನಿನ ಬೇಟೆಗಾರರಿಗೂ ಪಾಠ ಒಂದೇ: ಕೈ ಮೆದುವಾಗಿರಬೇಕು.

2024ರ ಚಳಿಗಾಲದ ಒಂದು ಬೆಳಗ್ಗೆ, ಕೆರೆಯ ಮೀನಿನ ಗುತ್ತಿಗೆಯಾದ ಪಾಶುವಾರು ಹಿಡಿದವರ ಅನುಮತಿ ಪಡೆದು ಹಿನ್ನೀರಿನ ದಡದಲ್ಲಿ ಕೂತಿದ್ದೆ. ಬೆಂಡು ಮುಳುಗಲಿಲ್ಲ, ಎರಡು ಬಾರಿ ಸಣ್ಣಗೆ ಅದುರಿತು, ಆಮೇಲೆ ಮೇಲೆದ್ದು ಮಲಗಿತು. ಕೋಲನ್ನು ಮೆಲ್ಲಗೆ ಎತ್ತಿದೆ. ಕಲ್ಲಿಗೆ ಸಿಕ್ಕಿದ ಹಾಗೆ ಒಂದು ಕ್ಷಣ ಏನೂ ಅಲುಗಲಿಲ್ಲ. ಮರುಕ್ಷಣ ರೀಲು ಕಿರುಗುಟ್ಟುತ್ತ ದಾರ ಓಡಿತು. ಜಿಗಿತವಿಲ್ಲ, ಒದೆತವಿಲ್ಲ, ಭಾರವಾಗಿ ನೇರ ನಡುನೀರಿಗೆ ಹೋಗುತ್ತಲೇ ಇದ್ದ ಒಂದು ಬಲ. ಅದು ಎಳೆದಾಗ ಬಿಟ್ಟೆ, ನಿಂತಾಗ ಸುತ್ತಿದೆ. ಜಾಲಿಯ ಕಡೆ ತಿರುಗಿದಾಗ ಕೋಲನ್ನು ಅಡ್ಡ ಮಲಗಿಸಿ ದಾರಿ ತಪ್ಪಿಸಿದೆ. ಮೊಣಕಾಲುದ್ದ ನೀರಿಗಿಳಿದು ಕೈಬಲೆಯನ್ನು ಅದರ ತಲೆಯಡಿಗೆ ತಳ್ಳಿದಾಗ ತೋಳು ಸೋತು ನಡುಗುತ್ತಿತ್ತು. ತೂಗಿದಾಗ ಏಳೂವರೆ ಕಿಲೋ. ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಸಂತೋಷಗಳು ಕಡಿಮೆ.

ಮನೆಯಲ್ಲಿ ಅದರ ತಲೆಯೊಂದೇ ಒಂದು ಪಾತ್ರೆ ತುಂಬಿತು. ನಮ್ಮ ಸೀಮೆಯ ಹುಣಸೆಹಣ್ಣಿನ ಹುಳಿ, ಒಣಮೆಣಸಿನಕಾಯಿ, ಹುರಿದ ಧನಿಯ, ತೆಂಗಿನಕಾಯಿ ಅರೆದು ಮಾಡಿದ ಸಾರು, ಬಿಸಿ ರಾಗಿಮುದ್ದೆ. ಅಕ್ಕಪಕ್ಕದ ಮನೆಗಳಿಗೂ ಹೋಯಿತು. ದೊಡ್ಡ ಮೀನನ್ನು ಒಬ್ಬರೇ ತಿನ್ನುವ ಪದ್ಧತಿ ನಮ್ಮಲ್ಲಿಲ್ಲ, ಇರಲೂಬಾರದು.

ಕೆರೆಯಲ್ಲಿ ದೊಡ್ಡ ಮೀನಿದೆ ಎಂದರೆ ಆ ನೀರು ವರ್ಷಗಟ್ಟಲೆ ಬತ್ತದೆ ನಿಂತಿದೆ ಎಂದು ಅರ್ಥ. ನೀರು ನಿಂತ ಕಡೆ ಬಾವಿ, ಕೊಳವೆಬಾವಿಗಳಿಗೂ ಜೀವ ಬರುತ್ತದೆ, ಕೊಕ್ಕರೆಯೂ ಬರುತ್ತದೆ. ಅದಕ್ಕೇ ಗಾಳ ಹಿಡಿಯುವ ಎಲ್ಲರಲ್ಲೂ, ಹಿಡಿಯದವರಲ್ಲೂ ನನ್ನದೊಂದು ಕೋರಿಕೆ. ಪಾಶುವಾರು ಪಡೆದವರನ್ನು ಕೇಳಿಯೇ ಗಾಳ ಹಾಕಿ. ಆ ಮೀನು ಅವರ ಅನ್ನ. ಕೆಂಪು ಮರಿಗಳ ಗುಂಪನ್ನು ಕಾಯುತ್ತಿರುವ ಕೊರಮೀನನ್ನು ಹಿಡಿಯಬೇಡಿ. ತಂದೆತಾಯಿ ಹೋದರೆ ಆ ಮರಿಗಳು ಉಳಿಯುವುದಿಲ್ಲ. ಬೇಗ ದಪ್ಪವಾಗುತ್ತದೆಂದು ಆಫ್ರಿಕನ್ ಕ್ಯಾಟ್‌ಫಿಶ್ ಮರಿಯನ್ನು ಕೆರೆಗೆ ತಂದು ಬಿಡಬೇಡಿ. ಅದರ ಸಾಕಣೆಗೆ ನಿಷೇಧವಿದೆ, ಅದು ಉಳಿದ ಮೀನನ್ನೆಲ್ಲ ತಿಂದು ಮುಗಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇಸಿಗೆಯಲ್ಲಿ ತೂಬಿನ ಹತ್ತಿರದ ಆಳದ ಗುಂಡಿಗೆ ಮೋಟಾರು ಇಳಿಸಿ ಕೊನೆಯ ಹನಿಯವರೆಗೆ ಎತ್ತಬೇಡಿ. ಹೂಳು ತೆಗೆಯುವಾಗ ಆ ಗುಂಡಿಯನ್ನು ಇನ್ನಷ್ಟು ಆಳ ಮಾಡಿ. ಅಷ್ಟು ನೀರು ಉಳಿದರೆ ಮುಂದಿನ ಮಳೆಯವರೆಗೆ ಮೀನು ಉಳಿಯುತ್ತದೆ, ಮೀನು ಉಳಿದರೆ ಬೆಳೆಯುತ್ತದೆ.