ಎರಡೂ ಮೂವತ್ತೆರಡೇ, ಆದರೆ...

ಸಾಮಾನ್ಯ ಲೈಸೆನ್ಸಿನ ಮೇಲೆ ನಮ್ಮ ದೇಶದಲ್ಲಿ 9 ಎಂಎಂ ಪಿಸ್ತೂಲು ಸಿಗುವುದಿಲ್ಲ, ಅದು ನಿಷೇಧಿತ ಬೋರ್. ಹಾಗಾಗಿ ಆತ್ಮರಕ್ಷಣೆಗೆ ಅಂತ ಸಣ್ಣ ಗನ್ ಕೊಳ್ಳುವವರ ಕೈಗೆ ಹೆಚ್ಚಾಗಿ ಬರುವುದು ಪಾಯಿಂಟ್ 32. ತಾಪತ್ರಯ ಇರೋದೇ ಇಲ್ಲಿ. ಪಾಯಿಂಟ್ 32 ಅನ್ನೋದು ಒಂದಲ್ಲ!

ರಿವಾಲ್ವರಿನದು 1896ರ 'ಸ್ಮಿತ್ ಅಂಡ್ ವೆಸನ್ ಲಾಂಗ್'. ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ 2014ರಲ್ಲಿ ತಂದ, ಅರ್ಧ ಕೆಜಿ ತೂಗುವ 'ನಿರ್ಭೀಕ್' ರಿವಾಲ್ವರಿಗೂ ಇದೇ ಬೇಕು. ಪಿಸ್ತೂಲಿನದು ಬ್ರೌನಿಂಗ್ ರೂಪಿಸಿದ, 1899ರ 'ಎಸಿಪಿ'. ಎರಡರ ಗುಂಡೂ ಹೆಚ್ಚುಕಡಿಮೆ 7.9 ಮಿಮೀ ದಪ್ಪ. ಆದರೆ ಹಿತ್ತಾಳೆ ಕೇಸ್ ಒಂದರದು 23 ಮಿಮೀ ಉದ್ದ, ಇನ್ನೊಂದರದು 17.

ಸಕಲೇಶಪುರದ ಕಡೆ ಕಾಫಿ ತೋಟ ಇರುವ ನಮ್ಮ ಸೋದರಮಾವ ಹೋದ ತಿಂಗಳು ಫೋನ್ ಮಾಡಿ, "ಪಕ್ಕದವರ ಪಿಸ್ತೂಲೂ ಮೂವತ್ತೆರಡೇ ಕಣೋ. ಅದರ ತೋಟ ನನ್ನ ರಿವಾಲ್ವರಿಗೆ ಹಾಕಿ ನೋಡಿದೆ, ಸರಿಯಾಗಿ ಕೂತ್ಕೊಳ್ತು" ಅಂದರು. (ಮಲೆನಾಡಲ್ಲಿ ಕಾರ್ಟ್ರಿಡ್ಜಿಗೂ 'ತೋಟ'ವೇ.) ನನಗೆ ಎದೆ ಧಸಕ್ಕೆಂದಿತು. ತೆಗೆದಿಡಿ ಮಾವ, ಲೈಸೆನ್ಸ್ ಹಿಡ್ಕೊಂಡು ಅಂಗಡಿಗೇ ಹೋಗಿ ಅಂದೆ.

ಉದ್ದದ್ದು ಪಿಸ್ತೂಲಿಗೆ ಹೋಗುವುದೇ ಇಲ್ಲ, ಆ ಮಟ್ಟಿಗೆ ಬಚಾವು. ಗಿಡ್ಡದ್ದು ಮಾತ್ರ ಎಷ್ಟೋ ರಿವಾಲ್ವರುಗಳಲ್ಲಿ ಸಲೀಸಾಗಿ ಕೂರುತ್ತದೆ. ಅಮೆರಿಕದ ಮಾನದಂಡದಲ್ಲಿ ಲಾಂಗಿನ ಗರಿಷ್ಠ ಒತ್ತಡ 15,000 ಪಿಎಸ್‌ಐ, ಎಸಿಪಿಯದು 20,500. ಕಂಪೈಲ್ ಆಯ್ತಲ್ಲ ಅಂತ ಟೆಸ್ಟ್ ಮಾಡದೆ ರಿಲೀಸ್ ಮಾಡಿದ ಹಾಗೆ. ಇಲ್ಲಿ ಕ್ರ್ಯಾಶ್ ಆಗೋದು ಮಾತ್ರ ಅಂಗೈಯಲ್ಲಿ. ಮಾವನ ರಿವಾಲ್ವರ್ ತಾತನ ಕಾಲದ್ದು ಬೇರೆ!

ನಿಜವಾಗಿ ಬ್ಯಾಕ್‌ವರ್ಡ್ ಕಂಪ್ಯಾಟಿಬಲ್ ಅನ್ನಬಹುದಾದದ್ದು ಲಾಂಗಿನ ಅಣ್ಣ, 1878ರ ಗಿಡ್ಡ 'ಸ್ಮಿತ್ ಅಂಡ್ ವೆಸನ್' ಒಂದೇ. ಅದನ್ನು ಲಾಂಗ್ ರಿವಾಲ್ವರಿನಲ್ಲಿ ಹಾರಿಸಬಹುದು. ಅದೂ ಮೂವತ್ತೆರಡೇ ಅನ್ನಿ.