ಡೊಳ್ಳಿನ ಸದ್ದು ದಾಟಿದ ಹೊಳೆ

ಕಬನೂರಿಗೆ ಮೊದಲ ಸಲ ಬಂದವರಿಗೆ ಊರು ಕಣ್ಣಿಗೆ ಬೀಳುವ ಮುನ್ನ ಕಿವಿಗೆ ಬೀಳುತ್ತದೆ. ಓಣಿ ಓಣಿಗಳಲ್ಲಿ ಯಂತ್ರಮಗ್ಗಗಳ ಖಟಖಟ ಸದ್ದು. ಲಾಳಿ ಅತ್ತಿಂದಿತ್ತ ಓಡಿದಂತೆಲ್ಲ ಗೋಡೆಗಳೂ ತಾಳ ಹಾಕುತ್ತಿವೆಯೋ ಎನ್ನುವಂತಿರುತ್ತದೆ. ನೆರೆಯ ಇಚಲಕರಂಜಿಯಲ್ಲಿ 1904ರಲ್ಲಿ ಮೊದಲ ಯಂತ್ರಮಗ್ಗ ಬಂದಿತು. ಮುಂದೆ ಆ ಉದ್ಯೋಗ ಸುತ್ತಲಿನ ಊರುಗಳಿಗೂ ಹಬ್ಬಿ, ದೂರದೂರದಿಂದ ಕೂಲಿಕಾರರನ್ನು ಕರೆತಂದಿತು. ಹೀಗೆ ಬಂದವರಲ್ಲಿ ಗಡಿಯಾಚೆಯ ಕನ್ನಡ ಸೀಮೆಯವರೂ ಇದ್ದಾರೆ. ಕಬನೂರ ಎಂಬ ಹೆಸರಿನ ತುದಿಯಲ್ಲಿರುವ ‘ಊರ’ ಕನ್ನಡದ ಕಿವಿಗೆ ಹೊಸದಲ್ಲ. ಬೀದಿಯ ಮಾತು ಮರಾಠಿ. ಕೆಲವು ಮನೆಗಳೊಳಗೆ ಅಜ್ಜಿಯ ಮಾತು ಕನ್ನಡ.

ವರ್ಷಕ್ಕೊಮ್ಮೆ ಈ ಸೀಮೆಯಲ್ಲಿ ಮಗ್ಗದ ಸದ್ದನ್ನು ಮರೆಸುವ ಇನ್ನೊಂದು ಸದ್ದು ಏಳುತ್ತದೆ. ದಸರೆ ಮುಗಿದು ದೀಪಾವಳಿ ಬರುವ ಮುನ್ನ, ಇದೇ ಹಾತಕಣಂಗಲೆ ತಾಲೂಕಿನ ಪಟ್ಟಣಕೋಡೋಲಿಯಲ್ಲಿ ವಿಠ್ಠಲ-ಬೀರದೇವರ ಜಾತ್ರೆ ನೆರೆಯುತ್ತದೆ. ಕಬನೂರಿನಿಂದ ಹೊರಟವರು ಕಬ್ಬಿನ ಗದ್ದೆಗಳ ನಡುವೆ ಸಾಗಿ, ಪಂಚಗಂಗೆಯನ್ನು ದಾಟಿ ಅಲ್ಲಿಗೆ ಸೇರುತ್ತಾರೆ. ಹೆಗಲಿಗೆ ಕಂಬಳಿ, ತಲೆಗೆ ರುಮಾಲು, ಕೊರಳಿಗೆ ಡೊಳ್ಳು: ಮಹಾರಾಷ್ಟ್ರದ ಧನಗರರೂ ಕರ್ನಾಟಕದ ಕುರುಬರೂ ಒಂದೇ ಬಯಲಿನಲ್ಲಿ ಬೀಡು ಬಿಡುತ್ತಾರೆ. ಒಬ್ಬರು ಬಿರೋಬಾ ಎಂದರೆ ಇನ್ನೊಬ್ಬರು ಬೀರಪ್ಪ ಎನ್ನುತ್ತಾರೆ. ಕೈ ಮುಗಿಯುವುದು ಒಂದೇ ದೇವರಿಗೆ.

ಜಾತ್ರೆಯ ಮುಖ್ಯ ದಿನ ಮುಗಿಲಿಗೆ ತೂರಿದ ಭಂಡಾರದಿಂದ ಮನೆ, ಮರ, ಮನುಷ್ಯ ಎಲ್ಲವೂ ಅರಿಸಿನ ಬಣ್ಣವಾಗುತ್ತವೆ. ಸೋಲಾಪುರ ಜಿಲ್ಲೆಯ ಅಂಜನಗಾವದಿಂದ ದಿನಗಟ್ಟಲೆ ಕಾಲ್ನಡಿಗೆಯಲ್ಲಿ ಬರುವ ಫರಾಂಡೆ ಬಾಬಾ ಮಳೆ, ಬೆಳೆ, ಧಾರಣೆಗಳ ಭವಿಷ್ಯ ನುಡಿಯುತ್ತಾರೆ. ಜನಸಾಗರ ಆ ಮಾತಿಗಾಗಿ ಕಿವಿಗೊಟ್ಟು ನಿಲ್ಲುತ್ತದೆ. ಭವಿಷ್ಯದ ಮಾತು ಕೆಲವೇ ಕ್ಷಣಗಳದ್ದು. ಡೊಳ್ಳಿನ ನಾದ ಮಾತ್ರ ಹಗಲಿರುಳು ನಿಲ್ಲದು.

ಡೊಳ್ಳು ಸರಳ ವಾದ್ಯ. ಟೊಳ್ಳಾದ ಮರದ ಹೊಳವು, ಎರಡು ಬದಿಗೆ ಬಿಗಿದ ಚರ್ಮ, ಒಂದು ಬದಿಗೆ ಕೋಲಿನ ಪೆಟ್ಟು, ಇನ್ನೊಂದು ಬದಿಗೆ ಅಂಗೈಯ ಪೆಟ್ಟು, ಜೊತೆಗೆ ಕೈತಾಳ. ಮೊದಲು ಕುರಿಹಿಂಡಿನ ನಡಿಗೆಯಂತೆ ನಿಧಾನವಾಗಿ ಸಾಗುವ ಲಯ, ಬರಬರುತ್ತ ಬಿರುಸಾಗುತ್ತದೆ. ಅದರ ಮೇಲೆ ಹಾಡು ಏರುತ್ತದೆ. ಅದಕ್ಕೆ ಕನ್ನಡದಲ್ಲಿ ಡೊಳ್ಳಿನ ಪದ, ಮರಾಠಿಯಲ್ಲಿ ಓವಿ ಎಂದು ಹೆಸರು. ಕಥೆ ಊರಿಂದೂರಿಗೆ ತುಸು ಬೇರೆಯಾದರೂ ಅದರ ತಿರುಳು ಒಂದೇ: ಹೆತ್ತವಳಿಂದ ಅಗಲಿ ಅಡವಿಯ ಪಾಲಾದ ಹಸುಗೂಸು, ಅದನ್ನು ಎತ್ತಿ ಸಲಹಿದ ಅಕ್ಕ. ಆ ಕೂಸೇ ಬೀರಪ್ಪ, ಆ ಅಕ್ಕನೇ ಮಾಯಕ್ಕ. ಬೆಳಗಾವಿ ಜಿಲ್ಲೆಯ ಚಿಂಚಲಿಯಲ್ಲಿ ಮಾಯಕ್ಕನ ಗುಡಿಯಿದೆ. ಅಲ್ಲಿಯ ಜಾತ್ರೆಗೆ ಕೊಲ್ಲಾಪುರ, ಸಾಂಗಲಿ ಸೀಮೆಯ ಮರಾಠಿ ಭಕ್ತರು ಹೋಗುತ್ತಾರೆ. ಇತ್ತ ತಮ್ಮನ ಜಾತ್ರೆಗೆ ಕನ್ನಡಿಗರು ಬರುತ್ತಾರೆ. ಅಕ್ಕ-ತಮ್ಮಂದಿರ ಈ ನಂಟನ್ನು ರಾಜ್ಯದ ಗಡಿ ಕಡಿದಿಲ್ಲ.

ಕುರಿಗಾರರ ಈ ಹಾಡು ಕುರಿಗಾರರಿಗಷ್ಟೇ ಸೇರಿದ್ದೆಂದು ಹೇಳುವಂತಿಲ್ಲ. ಜಾತ್ರೆಯಲ್ಲಿ ಸುತ್ತ ನಿಂತು ಕೇಳುವವರಲ್ಲಿ ಮಗ್ಗದ ಕೂಲಿಕಾರರುಂಟು, ಹುಪರಿಯ ಬೆಳ್ಳಿ ಕೆಲಸದವರುಂಟು, ಒಂದು ಕುರಿಯನ್ನೂ ಸಾಕದವರುಂಟು. ಊರು ಬಿಟ್ಟು ದುಡಿಯಲು ಬಂದವನಿಗೆ ಅಡವಿಯಲ್ಲಿ ಒಂಟಿಯಾದ ಕೂಸಿನ ಕಥೆ ತನ್ನದೇ ಎನಿಸುವುದು ಸಹಜ. ತವರು ದೂರವಾದ ಹೆಣ್ಣುಮಗಳು ಅಕ್ಕನ ಮಮತೆಯ ಹಾಡಿಗೆ ಕಣ್ಣು ಒರೆಸಿಕೊಳ್ಳುವುದೂ ಸಹಜ.

ಈ ಹಾಡಿನ ಸೆಳೆತ ಕಡಲಾಚೆಗೂ ಮುಟ್ಟಿತು. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ವಿದ್ವಾಂಸ ಗುಂಥರ್ ಸೊಂಥೈಮರ್ (1934-1992) ಧನಗರರ ಬೀಡುಗಳಲ್ಲಿ ಕುಳಿತು ಓವಿಗಳನ್ನು ಧ್ವನಿಮುದ್ರಿಸಿಕೊಂಡರು. ಬಿರೋಬಾ, ಮ್ಹಸ್ಕೋಬಾ, ಖಂಡೋಬಾ ದೇವರುಗಳನ್ನು ಕುರಿತ ಅವರ ಗ್ರಂಥ 1976ರಲ್ಲಿ ಜರ್ಮನ್ ಭಾಷೆಯಲ್ಲಿ, 1989ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದಿತು. ಮರಾಠಿಯ ಹಿರಿಯ ಸಂಶೋಧಕ ರಾ. ಚಿಂ. ಢೇರೆಯವರು 1984ರಲ್ಲಿ ಪ್ರಕಟಿಸಿದ ‘ಶ್ರೀ ವಿಠ್ಠಲ: ಏಕ ಮಹಾಸಮನ್ವಯ’ ಗ್ರಂಥದಲ್ಲಿ ಪಂಢರಪುರದ ವಿಠ್ಠಲನ ಮೂಲವನ್ನು ಪಶುಪಾಲಕರ ದೈವದಲ್ಲಿ ಅರಸಿದರು. ಆ ಶೋಧಕ್ಕೆ ಪಟ್ಟಣಕೋಡೋಲಿಯ ಜೋಡಿ ದೇವರು ಮಹತ್ವದ ಸಾಕ್ಷಿಯಾದರು.

ಹಳ್ಳಿಯ ಹಾಡು ತನ್ನವರನ್ನು ದಾಟಿ ಹೋಗುವುದು ಈ ಸೀಮೆಯ ವಿಶೇಷ ಮಾತ್ರವಲ್ಲ. ಅಮೆರಿಕದ ದಕ್ಷಿಣ ಭಾಗದ ಬಡ ರೈತರ, ರೈಲುಕೂಲಿಗಳ ನಡುವೆ ಬೆಳೆದ ‘ಕಂಟ್ರಿ’ ಸಂಗೀತದ ಮೊದಲ ಗಾಯಕರಲ್ಲಿ ಜಿಮ್ಮಿ ರಾಜರ್ಸ್ ಒಬ್ಬರು. ಅವರು 1933ರಲ್ಲಿ ತೀರಿಕೊಂಡರು. ಅವರ ಗ್ರಾಮಫೋನ್ ತಟ್ಟೆಗಳು ಆಫ್ರಿಕದ ಕೀನ್ಯಾ ದೇಶದ ಕಿಪ್ಸಿಗಿಸ್ ಎಂಬ ದನಗಾಹಿ ಜನರ ಕಿವಿಗೂ ಬಿದ್ದವು. 1950ರಲ್ಲಿ ಹ್ಯೂ ಟ್ರೇಸಿ ಎಂಬ ಸಂಗೀತ ಸಂಗ್ರಾಹಕರು ಅಲ್ಲಿಗೆ ಹೋದಾಗ, ಆ ಜನಾಂಗದ ಹುಡುಗಿಯರು ‘ಚೆಮಿರೋಚಾ’ ಎಂಬ ಹೆಸರನ್ನು ಹಾಡುತ್ತಿದ್ದರು. ಜಿಮ್ಮಿ ರಾಜರ್ಸ್ ಎಂಬ ಹೆಸರೇ ಅವರ ನಾಲಗೆಯಲ್ಲಿ ಹಾಗೆ ತಿರುಗಿತ್ತು. ಅವರ ಕಲ್ಪನೆಯಲ್ಲಿ ಆ ಗಾಯಕ ಅರ್ಧ ಮನುಷ್ಯ, ಅರ್ಧ ಜಿಂಕೆ.

ಆ ಪ್ರಸಂಗದಲ್ಲಿ ಒಂದು ಪಾಠವೂ ಅಡಗಿದೆ. ನಾದ ಸಮುದ್ರ ದಾಟಿತು. ಮಾತಿನ ಅರ್ಥ ದಾಟಲಿಲ್ಲ. ಡೊಳ್ಳಿಗೂ ಇಂಥ ದಿನ ಬರಬಹುದು. ಇಂದು ಮೆರವಣಿಗೆಗಳಲ್ಲಿ, ಉತ್ಸವಗಳಲ್ಲಿ, ಮೊಬೈಲಿನ ಪರದೆಯಲ್ಲಿ ಡೊಳ್ಳು ಎಲ್ಲರಿಗೂ ಪ್ರಿಯವಾಗಿದೆ. ಆದರೆ ಅಲ್ಲಿ ಉಳಿಯುವುದು ಹೆಚ್ಚಾಗಿ ಕುಣಿತ ಮತ್ತು ಪೆಟ್ಟು. ರಾತ್ರಿಯಿಡೀ ಸಾಗುವ ಪದ, ಪದದ ನಡುವೆ ಮಾತಿನಲ್ಲಿ ಬಿಡಿಸಿ ಹೇಳುವ ಕಥೆ, ಅದನ್ನು ಬಲ್ಲ ಹಿರಿಯರು ಮನೆಯ ಮೂಲೆಯಲ್ಲೇ ಉಳಿಯುತ್ತಾರೆ. ಜತ್ತ, ಅಕ್ಕಲಕೋಟ, ಗಡಹಿಂಗ್ಲಜ ಸೀಮೆಗಳ ಅನೇಕ ಮನೆಗಳಲ್ಲಿ, ಮಂಗಳವೇಢೆಯ ಹತ್ತಿರದ ಹುಲಜಂತಿಯ ಮಾಳಿಂಗರಾಯನ ಜಾತ್ರೆಗೆ ನಡೆಯುವ ಕುಟುಂಬಗಳಲ್ಲಿ, ಈ ಕಥೆ ಕನ್ನಡದಲ್ಲಿಯೇ ಬದುಕಿದೆ. ಅದನ್ನು ಕೇಳಿ ಅರಿಯಬಲ್ಲ ಮಗು ಕನ್ನಡ ಶಾಲೆಯ ಮಗು. ‘ಈ ಭಾಷೆ ಕಲಿತು ಮುಂದೇನು?’ ಎಂದು ನೆರೆಯವರು ಕೇಳಿದಾಗ ತಲೆ ತಗ್ಗಿಸುವ ತಾಯಿತಂದೆಯರಿಗೆ ಇದೂ ಒಂದು ಉತ್ತರವಾದೀತು. ಸೊಂಥೈಮರರು ಈ ಹಾಡಿಗಾಗಿ ಪರದೇಶದಿಂದ ಬಂದು ಪರಭಾಷೆಯನ್ನು ಕಲಿಯಬೇಕಾಯಿತು. ಈ ಮಕ್ಕಳು ಅಜ್ಜನ ಮಗ್ಗುಲಲ್ಲಿ ಕುಳಿತರೆ ಸಾಕು.

ಜಾತ್ರೆ ಮುಗಿದ ಮೇಲೆ ಜನರು ಪಂಚಗಂಗೆಯನ್ನು ಮರಳಿ ದಾಟಿ ಕಬನೂರಿಗೆ ಬರುತ್ತಾರೆ. ಮತ್ತೆ ಮಗ್ಗ ಓಡುತ್ತದೆ, ಮತ್ತೆ ಲಾಳಿ ಹಾಯುತ್ತದೆ. ಅಂಗಿಯ ಮಡಿಕೆಯಲ್ಲಿ ಉಳಿದ ಭಂಡಾರ ಎರಡು ಒಗೆತಕ್ಕೆ ಹೋಗುತ್ತದೆ. ಕಿವಿಯಲ್ಲಿ ಉಳಿದ ಪದ ಮಾತ್ರ, ಅರ್ಥ ಬಲ್ಲ ಒಂದು ಮಗು ಮನೆಯಲ್ಲಿದ್ದರೆ, ಮುಂದಿನ ಜಾತ್ರೆಯವರೆಗೂ ಮಾಸುವುದಿಲ್ಲ.